ಜನಗಣತಿಯೂ ನಮ್ಮ ಹೋಟೆಲುಗಳ ಅಟ್ಟವೂ

ಕಲ್ಯಾಣವೂ ಡೊಂಬಿವಲಿಯೂ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟುದು 1983ರಲ್ಲಿ. ಕಲ್ಯಾಣವು ಶಾತವಾಹನರ ಕಾಲದಿಂದ ಹೆಸರಾದ ಬಂದರು; ಡೊಂಬಿವಲಿಯಾದರೋ ರೈಲುಗಾಡಿಯನ್ನು ನಂಬಿ ಬೆಳೆದ ಗುಮಾಸ್ತರ ಊರು. 2011ರ ಗಣತಿಯಲ್ಲಿ ಈ ಜೋಡಿ ನಗರದ ಜನಸಂಖ್ಯೆ 12,47,327 ಎಂದು ದಾಖಲಾಯಿತು. ಠಾಣೆ ಜಿಲ್ಲೆಯಂತೂ 1 ಕೋಟಿ 10 ಲಕ್ಷ ಜನರೊಡನೆ ದೇಶಕ್ಕೇ ಮೊದಲನೆಯದಾಯಿತು. 2014ರ ಆಗಸ್ಟ್ 1ರಂದು ಅದನ್ನು ಒಡೆದು ಪಾಲಘರ್ ಜಿಲ್ಲೆಯನ್ನು ರಚಿಸಬೇಕಾಯಿತು.

2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಮಹಾಮಾರಿಯ ದೆಸೆಯಿಂದ ನಿಂತುಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಮುಂದಿನ ಗಣತಿ ನಡೆಯುವುದೆಂದು ಕೇಂದ್ರ ಸರಕಾರವು 2025ರ ಜೂನ್ 16ರಂದು ಪ್ರಕಟಿಸಿತು. ಅಂಕೆಗಳ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಪಾಲಿಕೆಯ ಜನಸಂಖ್ಯೆ 12 ಲಕ್ಷವನ್ನು ದಾಟಿದ ಮೇಲೆ ಪ್ರತಿ 40,000 ಜನರಿಗೆ ಒಬ್ಬ ಸದಸ್ಯ ಹೆಚ್ಚುತ್ತಾನೆಂಬುದು ಈ ರಾಜ್ಯದ ಕಾನೂನು. 27 ಹಳ್ಳಿಗಳನ್ನು 2002ರಲ್ಲಿ ಹೊರಗಿಟ್ಟು 2015ರಲ್ಲಿ ಮತ್ತೆ ಒಳತಂದ ಮೇಲೆ ಕಲ್ಯಾಣ-ಡೊಂಬಿವಲಿಯ ಸ್ಥಾನಗಳು 107ರಿಂದ 122ಕ್ಕೆ ಏರಿದವು. ಕೇಂದ್ರ ಸರಕಾರಿ ಕಚೇರಿಯಲ್ಲಿರುವ ನಮ್ಮ ಗುಮಾಸ್ತ ಬಂಧುಗಳ ಮನೆ ಬಾಡಿಗೆ ಭತ್ಯೆಯೂ ನಗರದ ಜನಸಂಖ್ಯೆಯನ್ನೇ ಹಿಡಿದು ನಿಂತಿದೆ. 50 ಲಕ್ಷಕ್ಕೆ ಮೇಲ್ಪಟ್ಟ ನಗರಗಳದು ಮೇಲಿನ ದರ್ಜೆ. ಬೃಹನ್ಮುಂಬಯಿಯ ನಗರಸಮೂಹದೊಳಗೆ ಸೇರಿದ ಕಾರಣದಿಂದಲೇ ಡೊಂಬಿವಲಿಯವರಿಗೂ ಆ ದರ್ಜೆ ದೊರೆತಿದೆ.

ಆದರೆ ನಮ್ಮ ಮನಸ್ಸನ್ನು ಚುಚ್ಚುವ ಸಂಗತಿ ಬೇರೆ. 2011ರ ಫೆಬ್ರವರಿಯಲ್ಲಿ ಗಣತಿಯ ಶಿಕ್ಷಕಿಯೊಬ್ಬರು ಬಂದಾಗ ನಾವು ಹೋಟೆಲಿನ ಗಲ್ಲದಲ್ಲಿ ಕುಳಿತಿದ್ದೆವು. ಮಧ್ಯಾಹ್ನದ ಊಟದ ಗಲಾಟೆ. ಮನೆಯವರ ಹೆಸರುಗಳನ್ನಷ್ಟೇ ಬರೆಸಿ ಅವರನ್ನು ಕಳುಹಿಸಿಬಿಟ್ಟೆವು. ಅಟ್ಟದ ಮೇಲೆ ಚಾಪೆ ಸುತ್ತಿಟ್ಟು ಕೆಳಗೆ ದುಡಿಯುತ್ತಿದ್ದ ಹನ್ನೊಂದು ಮಂದಿ ಮಾಣಿಗಳೂ ಅಡುಗೆಯವರೂ ನಮ್ಮ ನೆನಪಿಗೇ ಬರಲಿಲ್ಲ. ಒಂದೇ ಒಲೆಯಲ್ಲಿ ಉಂಡು ಒಟ್ಟಿಗೆ ವಾಸಿಸುವ ಇಂತಹವರನ್ನು ಸಾಂಸ್ಥಿಕ ಕುಟುಂಬವೆಂದು ಬರೆಯುವ ಪದ್ಧತಿ ಗಣತಿಯಲ್ಲಿ ಇದ್ದೇ ಇತ್ತು. ಊರಿನಲ್ಲಿ ತಾಯಿ, 'ಮಗ ಮುಂಬಯಿಯಲ್ಲಿದ್ದಾನೆ' ಎಂದು ಹೇಳಿ ಅವನ ಹೆಸರನ್ನು ಬಿಡಿಸಿರುತ್ತಾಳೆ. ಇಲ್ಲಿ ಧಣಿ ಬರೆಸುವುದಿಲ್ಲ. ಹೀಗೆ ಆ ಹುಡುಗ ಕುಂದಾಪುರದಲ್ಲಿಯೂ ಇಲ್ಲ, ಕಲ್ಯಾಣದಲ್ಲಿಯೂ ಇಲ್ಲ. ಇದು ನಮ್ಮದೇ ತಪ್ಪು. ನಮ್ಮಂತೆ ಮಾಡಿದ ಧಣಿಗಳು ಇನ್ನೆಷ್ಟು ಮಂದಿಯೋ!

ಮಾತೃಭಾಷೆಯ ವಿಷಯವಾಗಿಯೂ ಒಂದು ಮಾತು. 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ನಮ್ಮ ಹೋಟೆಲುಗಳಲ್ಲಿರುವವರಲ್ಲಿ ಬಹುಮಂದಿಯ ಮನೆಮಾತು ತುಳು, ಕೆಲವರದು ಕೊಂಕಣಿ. ಅವರು ಅದನ್ನು ಮರೆಮಾಚಿ ಕನ್ನಡವೆಂದು ಬರೆಸಬೇಕೆಂದು ನಾವು ಹೇಳಲಾರೆವು. ತುಳುವರು ತುಳುವೆಂದೇ ಬರೆಸಲಿ. ಆದರೆ ತಿಳಿದಿರುವ ಇತರ ಎರಡು ಭಾಷೆಗಳನ್ನೂ ಕಳೆದ ಗಣತಿಯಲ್ಲಿ ಕೇಳಿದ್ದರು. ಅಲ್ಲಿ 'ಹಿಂದಿ, ಮರಾಠಿ' ಎಂದು ಅವಸರದಲ್ಲಿ ಹೇಳಿ ಮುಗಿಸಿದವರು, ಪ್ರತಿದಿನ ಈ ಪತ್ರಿಕೆಯನ್ನು ಓದುವ ಭಾಷೆಯನ್ನು ಮರೆತರೆಂದೇ ಹೇಳಬೇಕು.

ಹೋಟೆಲು ಮಾಲೀಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಅಟ್ಟದಲ್ಲಿಯೋ ಮೆಸ್ಸಿನಲ್ಲಿಯೋ ಮಲಗುವ ಪ್ರತಿಯೊಬ್ಬನ ಹೆಸರು, ವಯಸ್ಸು, ಮನೆಮಾತು, ಹುಟ್ಟಿದ ಜಿಲ್ಲೆ ಇವುಗಳನ್ನು ಒಂದು ಕಾಗದದಲ್ಲಿ ಬರೆದು ಗಲ್ಲದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ. ಗಣತಿಯವರು ಊಟದ ಹೊತ್ತಿನಲ್ಲಿಯೇ ಬಂದಾರು.