ಬಸ್ಸು ಉಳಿಯಬೇಕಾದರೆ

ಮೆಹಕರದಿಂದ ಭಾಲ್ಕಿಗೆ ಒಬ್ಬೊಬ್ಬರೇ ಬೈಕಿನಲ್ಲಿ ಹೋಗುವ ಮಿತ್ರರಲ್ಲಿ ಒಂದು ವಿನಂತಿ. ಬಸ್ಸು ಹೊಗೆ ಉಗುಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಗುಳುತ್ತದೆ; ಆದರೆ ಅದು ಐವತ್ತು ಜನರು ಹಂಚಿಕೊಂಡ ಹೊಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ನಮ್ಮ ಅಕ್ಕತಂಗಿಯರು ಸಂತೆಗೂ ಆಸ್ಪತ್ರೆಗೂ ಸಾರಿಗೆ ಬಸ್ಸನ್ನೇ ನೆಚ್ಚಿದ್ದಾರೆ. ಅವರ ಶೂನ್ಯ ಟಿಕೆಟ್ಟೂ ಲೆಕ್ಕಕ್ಕೆ ಬರುತ್ತದೆ, ಆ ಹಣವನ್ನು ಸರ್ಕಾರವು ನಿಗಮಕ್ಕೆ ಭರಿಸಬೇಕು; ಆದ್ದರಿಂದ ಟಿಕೆಟ್ಟನ್ನು ಕೇಳಿ ಪಡೆಯಿರಿ. ದೂರ ಸರಿಯುತ್ತಿರುವವರು ಗಂಡಸರು. (ಅರ್ಧದಷ್ಟು ಆಸನಗಳು ತಮಗೇ ಮೀಸಲೆಂಬುದನ್ನು ಅನೇಕರು ಮರೆತಂತಿದೆ.) ಪ್ರಯಾಣಿಕರಿಲ್ಲದ ಮಾರ್ಗವನ್ನು ಯಾವ ಘಟಕವೂ ಬಹುಕಾಲ ನಡೆಸಲಾರದು. ಬಸ್ಸು ನಿಂತರೆ ಮೊದಲು ಓದು ನಿಲ್ಲುವುದು ಕಾಲೇಜಿಗೆ ಹೋಗುವ ಹುಡುಗಿಯರದು. ಬೀದರಕ್ಕೆ ಹೋಗುವವರಿಗೆ ಭಾಲ್ಕಿಯಲ್ಲಿ ರೈಲು ಇದೆ. 2017ರ ಅಕ್ಟೋಬರದಿಂದ ಬೀದರ–ಕಲಬುರಗಿ ಮಾರ್ಗವೂ ತೆರೆದಿದೆ. ಬಸ್ಸಿನ ವೇಳೆ ರೈಲಿಗೆ ಹೊಂದದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸೋಣ. ಅಲ್ಲಿಯವರೆಗೆ ವಾರಕ್ಕೆರಡು ದಿನವಾದರೂ ಬೈಕು ಅಂಗಳದಲ್ಲಿರಲಿ.