ಛತ್ರ ಲಾಡ್ಜಲ್ಲ, ಸ್ವಾಮೀ!

ಮೇ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರಿಗೆ ಊರಿನ ನೆನಪಾಗುತ್ತದೆ. ಊರಿನ ಜೊತೆಗೆ ಉಡುಪಿ, ಕೊಲ್ಲೂರು, ಶೃಂಗೇರಿ, ಧರ್ಮಸ್ಥಳಗಳ ನೆನಪೂ ಆಗುತ್ತದೆ. ಹೋಗಲಿ, ಮಕ್ಕಳನ್ನೂ ಕರೆದುಕೊಂಡು ಅವಶ್ಯವಾಗಿ ಹೋಗಲಿ. ನನ್ನ ತಕರಾರು ಹೋಗುವುದರ ಬಗ್ಗೆ ಅಲ್ಲ, ಅಲ್ಲಿ ಉಳಿದುಕೊಳ್ಳುವ ಬಗ್ಗೆ. ಪ್ರವಾಸ ಮುಗಿಸಿ ಬಂದವರು ಸಂಘದ ಸಭೆಯಲ್ಲಿ ಸಿಕ್ಕಿದಾಗ, “ನಾಲ್ಕು ರಾತ್ರಿ ಕಳೆದೆವು ಮಾರಾಯ್ರೆ, ರೂಮಿಗೆ ಖರ್ಚಾದದ್ದು ಬರೇ ಒಂದೂವರೆ ಸಾವಿರ. ಎಲ್ಲ ಕಡೆ ಛತ್ರದಲ್ಲೇ!” ಎಂದು ಬೀಗುತ್ತಾರೆ. ಕೇಳಿದವರೂ ಭೇಷ್ ಎನ್ನುತ್ತಾರೆ. ಹೀಗೆ ಬೀಗುವವರಲ್ಲಿ ಸ್ವಂತ ಫ್ಲಾಟು, ಸ್ವಂತ ಕಾರು ಇದ್ದವರಿದ್ದಾರೆ. ಇನ್ನೂ ಸೋಜಿಗವೆಂದರೆ ಸ್ವತಃ ಲಾಡ್ಜಿಂಗ್ ನಡೆಸುವವರೂ ಇದ್ದಾರೆ!

ಇದು ಉಳಿತಾಯವೇ ಅಲ್ಲವೆಂಬುದು ನನ್ನ ವಾದ. ಇನ್ನೊಬ್ಬನಿಗೆಂದು ತೆಗೆದಿಟ್ಟದ್ದನ್ನು ನಾವು ಬಳಸಿಕೊಂಡು ಜೇಬು ಭದ್ರ ಮಾಡಿಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಛತ್ರಗಳು ಏಕೆ ಹುಟ್ಟಿದವೆಂದು ಸ್ವಲ್ಪ ನೆನೆಯೋಣ. ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಛತ್ರ ತೆರೆದದ್ದು 1903ರಲ್ಲಿ. ರೈಲಿನಿಂದಿಳಿದ ಪರಸ್ಥಳದವನಿಗೆ ತಲೆಯ ಮೇಲೊಂದು ಸೂರಿರಲಿ ಎಂಬುದು ಅವರ ಉದ್ದೇಶ. ತಮ್ಮ ಗಳಿಕೆಯನ್ನೇ ಅದಕ್ಕಾಗಿ ಸುರಿದರು, ಬಡ ವಿದ್ಯಾರ್ಥಿಗಳಿಗೂ ಆಸರೆ ಕೊಟ್ಟರು. ಕ್ಷೇತ್ರಗಳ ವಸತಿಗೃಹಗಳ ಹಿಂದೆ ಇರುವುದೂ ಇಂಥದೇ ದಾನಬುದ್ಧಿ. ಅಲ್ಲಿನ ಬಾಡಿಗೆ ಕಡಮೆಯಾಗಿರುವುದು ರೂಮು ಕಟ್ಟಲು ಕಡಮೆ ಖರ್ಚು ಬಿದ್ದಿತೆಂದಲ್ಲ. ಮಿಕ್ಕ ಹಣವನ್ನು ಯಾರೋ ಪುಣ್ಯಾತ್ಮರು ನಮ್ಮ ಪರವಾಗಿ ಮೊದಲೇ ಕೊಟ್ಟಿದ್ದಾರೆ. ಸರ್ಕಾರವೂ ತನ್ನ ಪಾಲು ಬಿಟ್ಟಿದೆ. 2022ರ ಜುಲೈಯಲ್ಲಿ ಸಾವಿರ ರೂಪಾಯಿಯೊಳಗಿನ ಲಾಡ್ಜಿನ ರೂಮುಗಳ ಮೇಲೂ ಜಿಎಸ್‌ಟಿ ಬಿತ್ತು. ಆದರೆ ಧಾರ್ಮಿಕ ಸ್ಥಳದ ಆವರಣದಲ್ಲಿ ದತ್ತಿ ಸಂಸ್ಥೆಗಳು ನಡೆಸುವ ಅಂಥ ರೂಮುಗಳಿಗೆ ಮೊದಲಿನ ವಿನಾಯಿತಿ ಮುಂದುವರಿಯಿತು. ದಾನಿಯ ಹಣ, ಊರಿನ ತೆರಿಗೆಯ ಹಣ, ಎರಡೂ ಸೇರಿ ಆ ರೂಮು ಅಗ್ಗವಾಗಿದೆ. ಯಾರಿಗಾಗಿ? ಘಾಟ್ಕೋಪರದಿಂದ ಇನ್ನೋವಾ ಗಾಡಿಯಲ್ಲಿ ಬಂದವರಿಗಾಗಿಯೆ?

ಹಿಂದೆ ಕನಿಷ್ಠ ಸರದಿಯಾದರೂ ಇತ್ತು. ಮೊದಲು ಬಂದವನಿಗೆ ಬೀಗದ ಕೈ. ಈಗ ಎಷ್ಟೋ ಕಡೆ ಮುಂಗಡ ಬುಕಿಂಗು ಮೊಬೈಲಿನಲ್ಲೇ ಆಗುತ್ತದೆ. ತಿಂಗಳ ಮೊದಲೇ ಕೂತು ಗುಂಡಿ ಒತ್ತಬಲ್ಲವರು ನಾವು. ಗದಗದಿಂದಲೋ ಹಾವೇರಿಯಿಂದಲೋ ಕೆಂಪು ಬಸ್ಸಿನಲ್ಲಿ ಹೊರಟವನಿಗೆ, ಬೆಳೆ ಕೈಗೆ ಬಂದ ಮೇಲೆಯೇ ಹರಕೆಯ ದಿನ ಗೊತ್ತಾಗುವುದು. ಅವನು ಬಂದಾಗ ಗುಮಾಸ್ತರು ‘ಭರ್ತಿ’ ಎನ್ನುತ್ತಾರೆ. ಕಳೆದ ಬೇಸಗೆಯಲ್ಲಿ ಒಂದು ಕ್ಷೇತ್ರದ ಜಗಲಿಯಲ್ಲಿ ವೃದ್ಧ ದಂಪತಿಗಳು ಗಂಟು ತಲೆದಿಂಬು ಮಾಡಿಕೊಂಡು ಮಲಗಿದ್ದನ್ನು ಕಂಡೆ. ಒಳಗಿನ ಸಾಲು ರೂಮುಗಳ ಮುಂದೆ ನಿಂತಿದ್ದ ಕಾರುಗಳ ನಂಬರು ಓದಿದೆ. ಅರ್ಧಕ್ಕರ್ಧ ಮಹಾರಾಷ್ಟ್ರದವು.

“ನಾವೇನು ಪುಕ್ಕಟೆ ಉಳಿದೆವೆ? ಹುಂಡಿಗೆ ಹಾಕಲಿಲ್ಲವೆ?” ಎಂದು ಕೇಳುವವರುಂಟು. ಹಾಕಿದ್ದೀರಿ, ಸಂತೋಷ. ಆದರೆ ಹುಂಡಿಗೆ ಬಿದ್ದ ಹಣದಿಂದ ಅದೇ ರಾತ್ರಿ ಜಗಲಿಯಲ್ಲಿದ್ದವನಿಗೆ ಹೊಸ ರೂಮು ಎದ್ದು ನಿಲ್ಲುವುದಿಲ್ಲ. “ದೇವರ ಮುಂದೆ ಬಡವ ಬಲ್ಲಿದ ಎಲ್ಲ ಒಂದೇ” ಎನ್ನುವವರೂ ಇದ್ದಾರೆ. ಈ ವೇದಾಂತ ವಿಶೇಷ ದರ್ಶನದ ಟಿಕೆಟು ಕೊಳ್ಳುವಾಗ ಅವರಿಗೆ ನೆನಪಾಗುವುದಿಲ್ಲ. ನಿಜಕ್ಕೂ ಕೈ ಬಿಗಿಯಿದ್ದವರು, ಮುಂಜಾನೆಯ ಸೇವೆಗೆ ನಿಲ್ಲಬೇಕಾದ ವೃದ್ಧರು, ಕಾಯಿಲೆಯವರು ಛತ್ರದಲ್ಲಿರಲಿ; ಮುಂಬಯಿಯಲ್ಲೂ ಬಡವರಿದ್ದಾರೆ. ನನ್ನ ಮಾತು ಅವರಿಗಲ್ಲ.

“ಲಾಡ್ಜಿನವರು ಸುಲಿಯುತ್ತಾರೆ” ಎಂಬ ಆಕ್ಷೇಪಣೆಯಲ್ಲಿ ಮಾತ್ರ ಹುರುಳಿದೆ. ಆದರೆ ಸುಲಿಸಿಕೊಳ್ಳದಿರುವ ದಾರಿಗಳೂ ಇವೆ. ಹೊಟೇಲು ಧಂದೆಯಲ್ಲೇ ಬೆಳೆದ ನಮ್ಮ ಜನಕ್ಕೆ ಅವನ್ನು ಹೇಳಿಕೊಡಬೇಕೆ?

ಮೊಬೈಲಿನಲ್ಲಿ ಕಂಡ ‘ರಿಯಾಯತಿ’ಯನ್ನು ನಂಬುವ ಮೊದಲು ಲಾಡ್ಜಿಗೇ ಫೋನು ಮಾಡಿ ಮ್ಯಾನೇಜರರೊಡನೆ ಮಾತಾಡಿ. ಮಧ್ಯದ ಕಂಪನಿಗೆ ಹೋಗುವ ಕಮಿಷನ್ನು ಆ ದರದ ಹೊಟ್ಟೆಯಲ್ಲೇ ಇರುತ್ತದೆ. ಮೇಕ್‌ಮೈಟ್ರಿಪ್-ಗೋಐಬಿಬೋ ಕೂಟವು ತನಗೆ ಕೊಟ್ಟ ದರಕ್ಕಿಂತ ಅಗ್ಗವಾಗಿ ಬೇರೆಡೆ ರೂಮು ಕೊಡಬಾರದೆಂದು ಹೊಟೇಲಿನವರನ್ನು ಕರಾರಿನಲ್ಲಿ ಕಟ್ಟಿಹಾಕಿತ್ತೆಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರದಲ್ಲಿ 223 ಕೋಟಿ ರೂಪಾಯಿಗೂ ಮಿಕ್ಕ ದಂಡ ಹಾಕಿತು. ಫೋನಿನಲ್ಲಿ ಕೇಳಿದವನಿಗೆ ದರ ಇಳಿಸಬಹುದೋ ಇಲ್ಲವೋ ಎಂಬುದು ಎಷ್ಟು ದೊಡ್ಡ ವ್ಯವಹಾರವೆಂದು ಇದರಿಂದಲೇ ಊಹಿಸಿ. ನಮ್ಮ ಪೈಕಿ ಎಷ್ಟು ಮಂದಿಗೆ ಅಲ್ಲಿನ ಮ್ಯಾನೇಜರರೊಡನೆ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡುವ ಬಾಯಿಲ್ಲ?

ಫೋನಿನಲ್ಲಿ ಇನ್ನೊಂದನ್ನು ತಪ್ಪದೆ ಕೇಳಬೇಕು: ನಿಮ್ಮದು ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೋ, ಮಧ್ಯಾಹ್ನ ಹನ್ನೆರಡರ ಲೆಕ್ಕವೋ? ರಾತ್ರಿ ರೈಲಿನಲ್ಲಿ ಹೋಗಿ ಬೆಳಗಿನ ಜಾವ ಇಳಿಯುವವರು ನಾವು. ಹನ್ನೆರಡರ ಲೆಕ್ಕದ ಲಾಡ್ಜಿನಲ್ಲಿ ಆರು ಗಂಟೆಗೆ ರೂಮು ಹಿಡಿದರೆ ಒಂದು ರಾತ್ರಿಗೆ ಎರಡು ದಿನದ ಬಾಡಿಗೆ ತೆತ್ತ ಹಾಗೆ. ಇಪ್ಪತ್ತನಾಲ್ಕು ಗಂಟೆಯವರಲ್ಲಿ ಮರುದಿನ ಬೆಳಗಿನವರೆಗೂ ರೂಮು ನಿಮ್ಮದೇ. ಇದೊಂದರಲ್ಲೇ ಅರ್ಧ ಖರ್ಚು ಉಳಿಯುತ್ತದೆ. ಸ್ನಾನ ಮಾಡಿ ಮುಂದಿನ ಗಾಡಿ ಹಿಡಿಯುವಷ್ಟೇ ಕೆಲಸವಿದ್ದರೆ ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯ ರಿಟೈರಿಂಗ್ ರೂಮುಗಳಿವೆ. ಟಿಕೆಟು ಖಾತ್ರಿಯಾಗಿದ್ದರೆ ಹನ್ನೆರಡು ಗಂಟೆಯ ಮಟ್ಟಿಗೂ ಸಿಗುತ್ತವೆ. 2024ರ ಜುಲೈಯಿಂದ ಅವಕ್ಕೆ ಜಿಎಸ್‌ಟಿಯೂ ಇಲ್ಲ.

ಲಾಡ್ಜಿನ ತೆರಿಗೆಯೂ ಇಳಿದಿದೆ. 7,500 ರೂಪಾಯಿಯವರೆಗಿನ ರೂಮಿಗೆ ನೂರಕ್ಕೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 5 ಆಯಿತು. 1,500ರ ರೂಮಿಗೆ 180ರ ಬದಲು 75. ಬಿಲ್ಲಿನಲ್ಲಿ ಹಳೆಯ ಅಂಕಿ ಇದೆಯೆ ನೋಡಿ. ‘ಸೇವಾ ಶುಲ್ಕ’ ಎಂಬ ಸಾಲಿದ್ದರೆ ತೆಗೆಸಿ. ಗಿರಾಕಿಯನ್ನು ಕೇಳದೆ ಅದನ್ನು ಸೇರಿಸಕೂಡದೆಂದು 2022ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ, 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಮತ್ತೆ, ಶನಿವಾರ ಭಾನುವಾರವೇ ಕೊಲ್ಲೂರಿಗೆ ಹೋಗಬೇಕೆಂದು ಯಾವ ತಾಯಿಯೂ ಅಪ್ಪಣೆ ಕೊಡಿಸಿಲ್ಲ. ಮಂಗಳವಾರ ಹೋದವನಿಗೆ ದರ್ಶನವೂ ಸಾವಕಾಶ, ರೂಮೂ ಅಗ್ಗ.

ಕೊನೆಯದಾಗಿ ಪ್ರವಾಸ ಏರ್ಪಡಿಸುವ ನಮ್ಮ ಸಂಘ ಸಂಸ್ಥೆಗಳಿಗೊಂದು ಮಾತು. ಬಸ್ಸು ತುಂಬ ಜನರನ್ನು ಕರೆದೊಯ್ದು, ಸಂಘದ ಲೆಟರ್‌ಹೆಡ್ಡು ತೋರಿಸಿ, ಛತ್ರದ ಇಪ್ಪತ್ತು ರೂಮುಗಳನ್ನು ಒಂದೇ ಏಟಿಗೆ ಹಿಡಿಯುವ ಪದ್ಧತಿ ಬೆಳೆದಿದೆ. ಸದಸ್ಯರಿಂದ ವಸತಿಗೆಂದು ತೆಗೆದುಕೊಳ್ಳುವ ಹಣವೇನೂ ಛತ್ರದ ದರದ್ದಲ್ಲ. ಮುಂದಿನ ಪ್ರವಾಸದ ಲೆಕ್ಕಪತ್ರ ಮಂಡಿಸುವಾಗ ಸದಸ್ಯರಿಂದ ವಸತಿಗೆ ಎಷ್ಟು ಬಂತು, ಛತ್ರಕ್ಕೆ ಎಷ್ಟು ಸಂದಿತು ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು, ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಲಿ.