ಎಂಜಿನ್ ಬದಲಿಸುವ ಮುನ್ನ ನಮ್ಮನ್ನೂ ಕೇಳಿ

ಎರಡು ಹೊತ್ತು ಹಾಲು ಕರೆದು ನೋಡದೆ ನಾವು ಹಸು ಕೊಳ್ಳುವುದಿಲ್ಲ. ಆದರೆ ಮನೆಯ ಹಳೇ ಪಿಕಪ್ಪಿನ ಡೀಸೆಲ್ ಎಂಜಿನ್ ಸೀಜ್ ಆದರೆ, ಬೇರೆ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸುವ ತೀರ್ಮಾನ ಗ್ಯಾರೇಜಿನಲ್ಲೇ ಮುಗಿದಿರುತ್ತದೆ. ದುಡ್ಡು ಹೋಗುವುದು ನಮ್ಮ ಹಾಲಿನ ಬಟವಾಡೆಯಿಂದ. ಹಾಗಾಗಿ ಆ ಮಾತುಕತೆಯಲ್ಲಿ ನಾವೂ ಇರಬೇಕು.

ಮೊದಲು, ಎಂಜಿನ್ ಕೆಟ್ಟಿದ್ದೇಕೆ ಎಂದು ಕೇಳೋಣ. ರೇಡಿಯೇಟರ್ ಕಟ್ಟಿಕೊಂಡು ಬಿಸಿಯಾಗಿ ಕೆಟ್ಟಿದ್ದರೆ, ಅದನ್ನು ಸರಿಪಡಿಸದೆ ಕೂರಿಸಿದ ಎಂಜಿನ್ನೂ ಉಳಿಯದು. ತರುವ ಎಂಜಿನ್ನಿನ ಕಂಪ್ರೆಷನ್ ನಮ್ಮೆದುರಿಗೇ ಪರೀಕ್ಷಿಸಲಿ, ಬಿಲ್ ಕೊಡಲಿ. ಬದಲಾದ ಎಂಜಿನ್ ನಂಬರನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿ, ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರಕ್ಕೆ ತೊಡಕು.

ಒಟ್ಟು ಖರ್ಚು ಗಾಡಿಯ ಬೆಲೆಯ ಹತ್ತಿರ ಬಂದರೆ, ಇದ್ದ ಹಾಗೆ ಮಾರಿ, ಮೇವು ತರಲು ಬಾಡಿಗೆ ಗಾಡಿ ಹಿಡಿಯುವುದೇ ಮೇಲು.